ಜಾರ್ಜ್ ಕ್ಯಾಡ್ಬರಿ ಎಂಬ ವರ್ತಕರ ಚರಿತ್ರೆ

ನ್ಯಾಯವಾಗಿ ನಡೆಯುವವನಿಗೆ ವ್ಯಾಪಾರದಲ್ಲಿ ಲಾಭವಿಲ್ಲವೆಂದು ಹೇಳುವವರು ಬಹು ಮಂದಿ ಇದ್ದಾರೆ. ಅಂಥವರಿಗೆ ಜಾರ್ಜ್ ಕ್ಯಾಡ್ಬರಿಯವರ ಜೀವನವು ಉಪಯುಕ್ತವಾಗುವದೆಂದು ಎಣಿಸಿ, ಅದನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಇವರು ೧೮೩೯ನೇ ಇಸವಿಯಲ್ಲಿ ಇಂಗ್ಲೆಂಡ್ ದೇಶದ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ, ಕ್ವೇಕರರೆಂಬ ಕ್ರೈಸ್ತ ಪಂಗಡಕ್ಕೆ ಸೇರಿದ ಮನೆತನದಲ್ಲಿ ಹುಟ್ಟಿದರು. ತಂದೆಯು ಕೋಕೋ ತಯಾರಿಸಿ ಮಾರುತ್ತಿದ್ದರು. ೧೮೬೧ರಲ್ಲಿ ಅಣ್ಣನಾದ ರಿಚರ್ಡರೂ ಇವರೂ ಆ ಉದ್ಯಮವನ್ನು ವಹಿಸಿಕೊಂಡಾಗ ಅದು ನಷ್ಟದಲ್ಲಿತ್ತು. ತಾಯಿಯಿಂದ ಬಂದ ಹಣದಲ್ಲಿ ತಲಾ ೪,೦೦೦ ಪೌಂಡುಗಳನ್ನು ಹಾಕಿ, ಮಿತವ್ಯಯದಿಂದ ದುಡಿದರು.

ಕೋಕೋ ಬೀಜದ ಜಿಡ್ಡನ್ನು ಮರೆಮಾಡಲು ಹಿಟ್ಟು ಬೆರಸುವದು ಆಗಿನ ವಾಡಿಕೆಯಾಗಿತ್ತು. ಸಹೋದರರಾದರೋ ಹಾಲೆಂಡ್ ದೇಶದ ಯಂತ್ರವನ್ನು ತರಿಸಿ, ಜಿಡ್ಡನ್ನು ಹಿಂಡಿ ತೆಗೆದು, ೧೮೬೬ರಲ್ಲಿ ಬೆರಕೆಯಿಲ್ಲದ ಕೋಕೋ ಮಾರತೊಡಗಿದರು. ೧೮೭೨ರಲ್ಲಿಯೂ ೧೮೭೫ರಲ್ಲಿಯೂ ಕಲಬೆರಕೆಯ ವಿರುದ್ಧ ಕಾಯಿದೆಗಳಾದಾಗ ಆ ಬೆರಕೆಯಿಲ್ಲದ ಕೋಕೋದಲ್ಲಿ ಬದಲಾಯಿಸಬೇಕಾದದ್ದೇನೂ ಇರಲಿಲ್ಲ. ಶುದ್ಧವಾದ ಸರಕು ಜನರ ನಂಬಿಕೆಯನ್ನು ಗಳಿಸಿತು; ನಂಬಿಕೆಯು ಗಿರಾಕಿಗಳನ್ನು ತಂದಿತು.

೧೮೭೯ರಲ್ಲಿ ಕಾರ್ಖಾನೆಯನ್ನು ಪಟ್ಟಣದ ಹೊಗೆಯಿಂದ ನಾಲ್ಕು ಮೈಲು ಆಚೆ, ಬೋರ್ನ್‌ವಿಲ್ ಎಂಬ ಬಯಲಿಗೆ ಸಾಗಿಸಿದರು. ಅಲ್ಲಿ ಕೆಲಸಗಾರರಿಗೆ ಊಟದ ಕೋಣೆಗಳೂ ಆಟದ ಬಯಲುಗಳೂ ಏರ್ಪಟ್ಟವು. ಸುಮಾರು ಇನ್ನೂರು ಮಂದಿಯಿದ್ದ ಆ ಕಾರ್ಖಾನೆಯಲ್ಲಿ, ೧೮೯೯ರಲ್ಲಿ ರಿಚರ್ಡರು ತೀರಿಕೊಳ್ಳುವಷ್ಟರಲ್ಲಿ, ಎರಡು ಸಾವಿರಕ್ಕೆ ಮಿಕ್ಕ ಜನರು ದುಡಿಯುತ್ತಿದ್ದರು. ಆರೋಗ್ಯವುಳ್ಳ ಕೈ ಚೆನ್ನಾಗಿ ದುಡಿಯುವದು. ಗೌರವ ಹೊಂದಿದವನು ಕೆಲಸವನ್ನು ತನ್ನದೆಂದು ಮಾಡುವನು.

೧೮೯೫ರಿಂದ ಜಾರ್ಜರು ಆ ಬಯಲಿನ ಬಳಿಯಲ್ಲಿ ತೋಟಸಹಿತವಾದ ಮನೆಗಳನ್ನು ಕಟ್ಟಿಸತೊಡಗಿದರು. ಇವು ತಮ್ಮ ಕೆಲಸಗಾರರಿಗೆ ಮಾತ್ರವಲ್ಲ, ಇತರರಿಗೂ ದೊರೆತವು. ೧೯೦೦ರಲ್ಲಿ ೩೩೦ ಎಕರೆ ಭೂಮಿಯನ್ನೂ ೩೧೩ ಮನೆಗಳನ್ನೂ ಒಂದು ಧರ್ಮದತ್ತಿಗೆ ಒಪ್ಪಿಸಿ, ಬರುವ ಬಾಡಿಗೆಯು ಗ್ರಾಮದ ಅಭಿವೃದ್ಧಿಗೇ ಸಲ್ಲುವಂತೆ ಮಾಡಿದರು. ಆ ದತ್ತಿಯು ಇಂದಿಗೂ ನಡೆಯುತ್ತಿದೆ.

ಆದರೆ ಇವರ ಸಂಸ್ಥೆಗೆ ಒಂದು ಕಠಿಣ ಪರೀಕ್ಷೆಯೂ ಬಂದಿತು. ಅದನ್ನು ಮುಚ್ಚಿಡುವದು ಯುಕ್ತವಲ್ಲ. ಕೊಳ್ಳುತ್ತಿದ್ದ ಕೋಕೋ ಬೀಜದಲ್ಲಿ ಬಹುಭಾಗವು ಪೋರ್ಚುಗೀಸರ ಅಧೀನದಲ್ಲಿದ್ದ ಸಾವೊ ಟೊಮೆ ದ್ವೀಪದಿಂದ ಬರುತ್ತಿತ್ತು. ಅಂಗೋಲದಿಂದ ಒಯ್ಯಲ್ಪಟ್ಟ ಕೂಲಿಗಳು ಅಲ್ಲಿ ಹೆಸರಿಗೆ ಕರಾರಿನವರು, ನಿಜವಾಗಿ ದಾಸರು. ಈ ಸುದ್ದಿಯು ೧೯೦೧ರಲ್ಲಿ ಸಂಸ್ಥೆಗೆ ಮುಟ್ಟಿತು. ವಿಚಾರಣೆಯೂ ಬಿನ್ನಹಗಳೂ ನಡೆದವು; ಆದರೂ ಆ ಬೀಜವನ್ನು ಕೊಳ್ಳುವದು ನಿಂತದ್ದು ೧೯೦೯ರಲ್ಲಿ. ನಿಂದಿಸಿದ ಪತ್ರಿಕೆಯ ಮೇಲೆ ಹೂಡಿದ ದಾವೆಯಲ್ಲಿ ಅದೇ ವರ್ಷ ಸಂಸ್ಥೆಯು ಗೆದ್ದಿತು. ಆದರೆ ಪಂಚರು ಕೊಡಿಸಿದ ಪರಿಹಾರವು ಒಂದೇ ಫಾರ್ದಿಂಗು, ಅಂದರೆ ಕಾಲು ಪೆನ್ನಿ! ತನ್ನ ಅಂಗಳದಲ್ಲಿ ನ್ಯಾಯವನ್ನು ನಡಿಸಿದವನನ್ನು ಲೋಕವು ದೂರದ ತೋಟದ ಕೂಲಿಯ ವಿಷಯವಾಗಿಯೂ ಲೆಕ್ಕ ಕೇಳುವದೆಂದು ಇದರಿಂದ ತಿಳಿಯುತ್ತದೆ.

ಜಾರ್ಜರು ೧೯೨೨ರಲ್ಲಿ ತೀರಿಕೊಂಡರು. ವಾಚಕರೇ, ನಮ್ಮ ಅಂಗಡಿಯು ಚಿಕ್ಕದಿರಬಹುದು, ನಮ್ಮ ಹೊಲದಲ್ಲಿ ಇಬ್ಬರೇ ಆಳುಗಳಿರಬಹುದು. ಆದರೂ ಸೇರಿನ ಅಳತೆಯು ಸರಿಯೋ, ಕೂಲಿಯು ಹೊತ್ತಿಗೆ ಸಂದಿತೋ, ಕೊಂಡ ಸರಕು ಯಾರ ಕಣ್ಣೀರಿನಿಂದ ಬಂದಿತೋ ಎಂಬ ಪ್ರಶ್ನೆಗಳು ನಮಗೂ ಇವೆ. ಅವುಗಳಿಗೆ ಉತ್ತರ ಕೊಡುವದರಲ್ಲಿ ನಾವು ತಡಮಾಡದೆ ಇರೋಣ.