ಫುಟ್‌ಬಾಲ್ ಮೈದಾನವನ್ನೇ ತರಗತಿ ಮಾಡಿದ ಮಾಸ್ತರರು

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಒಬ್ಬ ಮಹನೀಯರ ಬಗ್ಗೆ ಬರೆದುಕೊಡು ಎಂದು ಗುರುಗಳು ಹೇಳಿದಾಗ ನನಗೆ ಮೊದಲು ನೆನಪಾದವರು ಸೈಯದ್ ಅಬ್ದುಲ್ ರಹೀಮ್. 2024ರಲ್ಲಿ ಬಂದ ‘ಮೈದಾನ್’ ಹಿಂದಿ ಚಿತ್ರದಿಂದ ಇಂದಿನ ಮಕ್ಕಳಿಗೂ ಅವರ ಹೆಸರು ಗೊತ್ತು. ಭಾರತ ಫುಟ್‌ಬಾಲ್ ತಂಡದ ತರಬೇತುದಾರರಾಗುವ ಮೊದಲು ಅವರು ನಮ್ಮ ಗುರುಗಳ ಹಾಗೆಯೇ ಶಾಲಾ ಮಾಸ್ತರರಾಗಿದ್ದರು. ನಾನು ಅವರನ್ನು ಆರಿಸಿಕೊಳ್ಳಲು ಅದೇ ಕಾರಣ.

ರಹೀಮ್ ಸಾಹೇಬರು ಹುಟ್ಟಿದ್ದು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ. ಅದು ನಿಜಾಮರ ಆಳ್ವಿಕೆಯ ಕಾಲ. ನಮ್ಮ ಬೀದರ್, ಕಲಬುರಗಿ, ರಾಯಚೂರು ಸೀಮೆಗೂ ಆಗ ಹೈದರಾಬಾದೇ ರಾಜಧಾನಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು ಕಾಚಿಗುಡ, ಚಾದರಘಾಟ್ ಮುಂತಾದ ಕಡೆ ಶಾಲೆಗಳಲ್ಲಿ ಪಾಠ ಹೇಳಿದರು. ಮುಂದೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿ ಆಟವನ್ನೂ ಕಲಿಸತೊಡಗಿದರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ತರಬೇತಿ ಕೊಟ್ಟರು. ಆ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು.

ಅವರ ಕಲಿಸುವ ರೀತಿ ನನಗೆ ಬಹಳ ಹಿಡಿಸಿತು. ಆಗಿನ ನಮ್ಮ ಆಟಗಾರರಿಗೆ ಚೆಂಡು ಸಿಕ್ಕರೆ ಬಿಡಲು ಮನಸ್ಸಿರಲಿಲ್ಲ. ಒಬ್ಬನೇ ನಾಲ್ವರನ್ನು ದಾಟಿಸಿಕೊಂಡು ಹೋದರೆ ಜನ ಚಪ್ಪಾಳೆ ಹೊಡೆಯುತ್ತಿದ್ದರು. ರಹೀಮ್ ಹೈದರಾಬಾದಿನ ಹುಡುಗರಿಗೆ ಡ್ರಿಬ್ಲಿಂಗ್ ಇಲ್ಲದ ಪಂದ್ಯಾವಳಿಗಳನ್ನು ನಡೆಸಿದರು. ಅಲ್ಲಿ ಚೆಂಡು ಬಂದ ಕೂಡಲೇ ಜೊತೆಯವನಿಗೆ ಕೊಡಲೇಬೇಕು. ಬಲಗಾಲಿನ ಹುಡುಗ ಎಡಗಾಲಿನಿಂದಲೇ ಒದೆಯಬೇಕಾದ ಪಂದ್ಯಗಳನ್ನೂ ಇಟ್ಟರು. ಲೆಕ್ಕದಲ್ಲಿ ಹಿಂದಿರುವ ಹುಡುಗನಿಗೆ ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸುವ ಮಾಸ್ತರರ ಕ್ರಮವೇ ಇದು.

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಗೋಲಿನಿಂದ ರಹೀಮ್ ಅವರ ತಂಡ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ತಂದಿತು. ಮರುವರ್ಷವೇ ದೊಡ್ಡ ಪೆಟ್ಟು ಬಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10–1ರಿಂದ ಸೋಲಿಸಿತು. ನಮ್ಮ ಒಂದೇ ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಫಿನ್ಲೆಂಡಿನ ಆ ಚಳಿಯಲ್ಲಿ ನಮ್ಮ ಹಲವರು ಬರಿಗಾಲಲ್ಲಿ ಆಡಿದ್ದರು. ಆಮೇಲೆ ಬೂಟು ಕಡ್ಡಾಯವಾಯಿತು. ಆದರೆ ಆಟದ ಕ್ರಮವನ್ನೂ ಬದಲಿಸಬೇಕೆಂದು ರಹೀಮ್ ಅವರಿಗೆ ಗೊತ್ತಿತ್ತು.

1953ರಲ್ಲಿ ಹಂಗೇರಿ ತಂಡ ಇಂಗ್ಲೆಂಡನ್ನು ಅದರ ವೆಂಬ್ಲಿ ಮೈದಾನದಲ್ಲೇ 6–3ರಿಂದ ಸೋಲಿಸಿತು. ಆಗ ಎಲ್ಲ ಕಡೆ ಹಿಂದೆ ಮೂವರು ರಕ್ಷಕರು, ನಡುವೆ ನಾಲ್ವರು, ಮುಂದೆ ಮೂವರು ಎಂಬ ವ್ಯವಸ್ಥೆ ಇತ್ತು. ಎದುರಾಳಿಯ ಸೆಂಟರ್ ಫಾರ್ವರ್ಡ್‌ನನ್ನು ಕಾಯುವುದು ನಡುವಿನ ರಕ್ಷಕನ ಕೆಲಸ. ಹಂಗೇರಿಯವರು ತಮ್ಮ ಸೆಂಟರ್ ಫಾರ್ವರ್ಡ್‌ನನ್ನು ಮೈದಾನದ ನಡುವಿಗೆ ಹಿಂದೆ ತಂದರು. ರಕ್ಷಕ ಅವನ ಹಿಂದೆ ಹೋದರೆ ಗೋಲಿನ ಮುಂದೆ ಜಾಗ ಖಾಲಿ. ಹೋಗದಿದ್ದರೆ ಅವನು ನಿರಾತಂಕವಾಗಿ ಚೆಂಡು ಹಂಚುತ್ತಾನೆ. ಎರಡರಲ್ಲೂ ಕಷ್ಟವೇ. ರಹೀಮ್ ಈ ಪಾಠವನ್ನು ನಮ್ಮ ಹುಡುಗರಿಗೆ ಕಲಿಸಿದರು. ಮುಂದೆ ಒಬ್ಬನನ್ನು ರಕ್ಷಣೆಗೆ ಸೇರಿಸಿ 4–2–4 ಪದ್ಧತಿಗೂ ಬಂದರು. ಓಡಾಟ ಮತ್ತು ಚುರುಕಾದ ಪಾಸು ನಮ್ಮ ಸಣ್ಣ ಮೈಕಟ್ಟಿನ ಹುಡುಗರಿಗೆ ಹೊಂದುತ್ತಿತ್ತು.

ಇದರ ಫಲ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಕಂಡಿತು. ಹಂಗೇರಿ ಬಾರದ ಕಾರಣ ಮೊದಲ ಸುತ್ತು ಆಡದೆಯೇ ದಾಟಿತು. ನಂತರ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿದರು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯಾ. ಮೊದಲ ಗೋಲು ಭಾರತದ್ದೇ ಆಗಿತ್ತು, ಆದರೂ 4–1ರಿಂದ ಸೋತೆವು. ಕೊನೆಗೆ ನಾಲ್ಕನೇ ಸ್ಥಾನ ಸಿಕ್ಕಿತು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಅತ್ಯುತ್ತಮ ಸಾಧನೆ ಇಂದಿಗೂ ಅದೇ. ನಮ್ಮ ನಾಡಿನ ಕೆಂಪಯ್ಯನವರು ಆ ತಂಡದಲ್ಲಿದ್ದರು.

ಮೆಲ್ಬರ್ನ್‌ಗೆ ಹೋದವರಲ್ಲಿ ಪಿ.ಕೆ. ಬ್ಯಾನರ್ಜಿ ಮತ್ತು ತುಳಸಿದಾಸ್ ಬಲರಾಂ ಇಬ್ಬರಿಗೂ ಇಪ್ಪತ್ತೇ ವರ್ಷ. ಗೋಲ್‌ಕೀಪರ್ ಪೀಟರ್ ತಂಗರಾಜ್ ಕೂಡ ಎಳೆಯರೇ. ನಾಲ್ಕು ವರ್ಷದ ನಂತರ ರೋಮ್ ಒಲಿಂಪಿಕ್ಸ್‌ಗೆ ಪಿ.ಕೆ. ನಾಯಕರಾಗಿ ಹೋದರು. ಅಲ್ಲಿ ಹಂಗೇರಿಯ ಎದುರು 2–1ರಿಂದ ಸೋತರೂ ಫ್ರಾನ್ಸ್ ಜೊತೆ 1–1 ಸಮ ಮಾಡಿಕೊಂಡರು. ಎಂಟನೇ ತರಗತಿಗೆ ಸೇರಿದ ಮಕ್ಕಳನ್ನು ಹತ್ತನೆಯವರೆಗೆ ಕೈಹಿಡಿದು ನಡೆಸುವಂತೆ ರಹೀಮ್ ಈ ಹುಡುಗರನ್ನು ಬೆಳೆಸಿದರು.

ಆ ಪರೀಕ್ಷೆ ನಡೆದದ್ದು 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2–0 ಸೋಲು. ಮುಂದೆ ಥಾಯ್ಲೆಂಡ್, ಜಪಾನ್ ಎದುರು ಗೆದ್ದರೂ ರಕ್ಷಕ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ರಹೀಮ್ ಅವರನ್ನು ಕೂರಿಸಲಿಲ್ಲ, ಸೆಂಟರ್ ಫಾರ್ವರ್ಡ್ ಆಗಿ ಮುಂದೆ ಕಳಿಸಿದರು! ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಎದುರು ಅವರು ಗೋಲು ಹೊಡೆದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ. ಇಸ್ರೇಲ್, ತೈವಾನ್‌ಗಳನ್ನು ಹೊರಗಿಟ್ಟದ್ದನ್ನು ಭಾರತೀಯ ಅಧಿಕಾರಿಯೊಬ್ಬರು ಟೀಕಿಸಿದ್ದರಿಂದ ಸುಮಾರು ಒಂದು ಲಕ್ಷ ಪ್ರೇಕ್ಷಕರು ನಮ್ಮ ವಿರುದ್ಧ ಕೂಗುತ್ತಿದ್ದರು. ಜ್ವರದಿಂದ ಎದ್ದ ತಂಗರಾಜ್ ಗೋಲು ಕಾದರು. ಪಿ.ಕೆ. ಮತ್ತು ಜರ್ನೈಲ್ ಒಂದೊಂದು ಗೋಲು ಹೊಡೆದರು. ಚುನಿ ಗೋಸ್ವಾಮಿ ನಾಯಕತ್ವದ ಭಾರತ 2–1ರಿಂದ ಚಿನ್ನ ಗೆದ್ದಿತು. ಬೆಂಗಳೂರಿನ ಅರುಮೈನಾಯಗಂ ಆ ತಂಡದ ಸದಸ್ಯರು.

ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು, ಕ್ಯಾನ್ಸರ್‌ನಿಂದ ರಹೀಮ್ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಮತ್ತೆ ನಮಗೆ ಬಂದಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿ ನಾನು ನೋಡುವುದೂ ಇದನ್ನೇ. ಒಬ್ಬ ಜಾಣ ಎಲ್ಲವನ್ನೂ ಕಟ್ಟಿ ನಿಲ್ಲಿಸಿರುತ್ತಾನೆ. ಅವನು ಹೋದ ಮೇಲೆ ಅದನ್ನು ಮುಂದೆ ನಡೆಸುವವರನ್ನು ಯಾರೂ ತಯಾರು ಮಾಡಿರುವುದಿಲ್ಲ.

ಹೀಗಾಗಿ ನನ್ನದೊಂದು ವಿನಂತಿ. ಹತ್ತನೇ ತರಗತಿ ಬಂತೆಂದರೆ ಎಲ್ಲ ಊರಿನ ಶಾಲೆಗಳಲ್ಲೂ ಆಟದ ಪೀರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಮಕ್ಕಳ ಫಲಿತಾಂಶದ ಚಿಂತೆ ಗುರುಗಳಿಗೆ ಇರುವುದು ಸಹಜ. ಆದರೂ ವಾರದ ಆ ಎರಡು ಪೀರಿಯಡ್ ಮಕ್ಕಳಿಗೇ ಉಳಿಯಲಿ. ಊರಿನ ಹಿರಿಯರು ಶಾಲೆಯ ಮೈದಾನ ಒತ್ತುವರಿಯಾಗದಂತೆ ಕಾಯಲಿ. ಚೆಂಡು, ಬಲೆಗಳ ಖರ್ಚನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಹಂಚಿಕೊಳ್ಳೋಣ. ಈ ವರ್ಷದ ಉತ್ಸಾಹಕ್ಕೆ ಮಾತ್ರವಲ್ಲ, ಪ್ರತಿ ವರ್ಷವೂ ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ರಹೀಮ್ ಸಾಹೇಬರ ರೀತಿಯ ಒಂದು ಪಂದ್ಯಾವಳಿ ನಡೆಸೋಣ. ಚೆಂಡು ಬಂದ ಕೂಡಲೇ ಪಕ್ಕದವನಿಗೆ ಕೊಡಬೇಕು ಎಂಬುದೇ ಅದರ ನಿಯಮವಾಗಲಿ.