ತಲೆಯ ಮೇಲಿನ ಗಂಟು

ಧಾರವಾಡ ಸೀಮೆಯಲ್ಲಿ ಓದುಬರಹವೆಂದರೆ ಮರಾಠಿಯೇ ಎಂಬಂತಿದ್ದ ಕಾಲವದು. ವರದಾ ತುಂಗಭದ್ರೆಗಳು ಕೂಡುವ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ವೆಂಕಟೇಶ ತಿರಕೋ ಕುಲಕರ್ಣಿಯವರು ಜನಿಸಿದರು. ಊರ ಹೆಸರೇ ಅವರ ಹೆಸರಾಯಿತು. ಧಾರವಾಡದಲ್ಲಿ ಕಲಿತು ಶಾಲೆಯ ಮಾಸ್ತರರಾದರು. ಅವರ ‘ಪ್ರಬುದ್ಧ ಪದ್ಮನಯನೆ’ ಕಾದಂಬರಿಗೆ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ಬಂದಿತು.

1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಗೆ ಅವರೇ ಜೀವಾಳ. ಮುಂದೆ ‘ಸದ್ಗುರು’ವೆಂಬ ತಮ್ಮದೇ ಪತ್ರಿಕೆ ನಡೆಸಿದರು. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರದ ಉದಯವನ್ನು ‘ಮಾಧವ ಕರುಣಾ ವಿಲಾಸ’ದಲ್ಲಿ ಕಥೆಯಾಗಿಸಿದರು.

ಇಷ್ಟನ್ನು ಬರೆದವರು ಹಲವರಿದ್ದಾರು. ಆದರೆ ಗಳಗನಾಥರು ಅಚ್ಚಾದ ಪುಸ್ತಕಗಳನ್ನು ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು, ಊರೂರು ಅಲೆದು ಮಾರಿದರು! ಕೊಳ್ಳುವವನ ಮುಖ ನೋಡಿ ಬಂದವರ ಬರವಣಿಗೆ ಅದು. ಎಂತಲೇ ಒಬ್ಬರು ಓದಿದರೆ ಹತ್ತು ಜನ ಕೂತು ಕೇಳಬಹುದಾದ ಕನ್ನಡ. ನೀತಿಬೋಧೆ ಅತಿಯಾಯಿತೆಂದು ಇಂದಿನವರು ಮೂಗು ಮುರಿಯಬಹುದು. ಕೆಲವೆಡೆ ನನಗೂ ಹಾಗೆನಿಸಿದೆ. ಬಡತನದಲ್ಲಿಯೇ ಬಾಳಿ 1942ರಲ್ಲಿ ಅವರು ತೀರಿಕೊಂಡರು.

ನಾವು ಕೆಲವು ಗೆಳೆಯರು ಈ ವರ್ಷ ಕೈಬರಹದ ಪತ್ರಿಕೆಯೊಂದನ್ನು ಹೊರಡಿಸುವವರಿದ್ದೇವೆ. ಕಾಗದ, ಹೊಲಿಗೆ, ಚಿತ್ರ ಎಲ್ಲವೂ ನಮ್ಮವೇ. ಅದರಲ್ಲಿ ಏನಿರಬೇಕೆಂದು ವಾರಗಟ್ಟಲೆ ಚರ್ಚೆ ನಡೆದಿದೆ. ಯಾರಿಗಾಗಿ ಎಂಬ ಮಾತನ್ನು ಇನ್ನೂ ಯಾರೂ ಎತ್ತಿಲ್ಲ. ನಮ್ಮವ್ವನಿಗೆ ಅಕ್ಷರ ಬಾರದು, ಓದಿ ಹೇಳಿದರೆ ಮನಸ್ಸಿಟ್ಟು ಕೇಳುತ್ತಾಳೆ. ನನ್ನ ಪಾಲಿಗೆ ಬಂದ ನಾಲ್ಕು ಪುಟಗಳನ್ನು ಮೊದಲು ಅವಳ ಮುಂದೆ ಓದುವವನಿದ್ದೇನೆ.