ಬರಿಗಾಲಿನ ಮರಿಯಂ

ಇಂಡಿ, ಸಿಂದಗಿಯ ಎರೆಹೊಲಗಳಲ್ಲಿ ಬೇಸಿಗೆಯ ಮಧ್ಯಾಹ್ನ ಬರಿಗಾಲಲ್ಲಿ ನಡೆದವರಿಗೆ ನೆಲದ ಕಾವು ಎಂಥದೆಂದು ಹೇಳಬೇಕಾಗಿಲ್ಲ. ಬಡತನದಿಂದಾಗಿ ಚಪ್ಪಲಿ ಇಲ್ಲದಿರುವುದು ಒಂದು. ದೇವರಿಗಾಗಿ ಅದನ್ನು ತಾವಾಗಿಯೇ ಬಿಡುವುದು ಮತ್ತೊಂದು. ಈ ಎರಡನ್ನೂ ಕಂಡ, ನಮ್ಮ ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದ ಸಂತಳೊಬ್ಬಳನ್ನು ಇಂದು ನೆನೆಯೋಣ.

ಆಕೆಯೇ ಮರಿಯಂ ಬವಾರ್ದಿ. 1846ರ ಜನವರಿ 5ರಂದು, ನಜರೇತಿನ ಸಮೀಪದ ಇಬಿಲ್ಲಿನ್ ಹಳ್ಳಿಯಲ್ಲಿ ಜನಿಸಿದಳು. ಆಕೆಗಿಂತ ಮುಂಚೆ ಹುಟ್ಟಿದ ಹನ್ನೆರಡು ಮಕ್ಕಳು ಎಳವೆಯಲ್ಲೇ ತೀರಿಕೊಂಡಿದ್ದರು. ಎಳೆಯ ವಯಸ್ಸಿನಲ್ಲೇ ತಂದೆತಾಯಿಗಳನ್ನೂ ಕಳೆದುಕೊಂಡಳು. ಪರರ ಮನೆಗಳಲ್ಲಿ ಊಳಿಗ ಮಾಡುತ್ತಾ ಊರೂರು ಅಲೆದ ಈ ಅನಾಥೆ, 1867ರಲ್ಲಿ ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠವನ್ನು ಸೇರಿದಳು.

ಅದು ಅವಿಲದ ಸಂತ ತೆರೇಸಾ 1562ರಲ್ಲಿ ಆರಂಭಿಸಿದ ಸುಧಾರಣೆಗೆ ಸೇರಿದ ಮಠ. ಈ ಸಭೆಗೆ ಬರಿಗಾಲಿನ ಕಾರ್ಮೆಲ್ ಎಂದೇ ಹೆಸರು. ಬರಿಗಾಲು ಎಂದರೆ ಪೂರ್ತಿ ಬರಿಗಾಲಲ್ಲ. ಹಗ್ಗದ ಅಟ್ಟೆಯ ಸಾದಾ ಚಪ್ಪಲಿ ಅಲ್ಲಿನ ವಾಡಿಕೆ. ಉರಿಯುವ ಪೊದೆಯ ಮುಂದೆ ಮೋಶೆ ಪಾದರಕ್ಷೆ ಕಳಚಿದಂತೆ, ದೇವರ ಮುಂದೆ ತಮ್ಮದೆಂಬುದನ್ನು ಕಳಚಿಡುವ ಗುರುತು ಅದು.

1870ರಲ್ಲಿ ಆಕೆ ಇತರ ಧರ್ಮಭಗಿನಿಯರೊಡನೆ ಮಂಗಳೂರಿಗೆ ಹೊರಟಳು. ದಾರಿಯಲ್ಲೇ ಮೂವರು ಅಸುನೀಗಿದರು. ಉಳಿದವರಿಂದ ಮಂಗಳೂರಿನ ಕಾರ್ಮೆಲ್ ಕನ್ಯಾಮಠ ಆರಂಭವಾಯಿತು. 1871ರ ನವೆಂಬರ್ 21ರಂದು ಮರಿಯಂ ಅಲ್ಲಿ ವ್ರತಗಳನ್ನು ಸ್ವೀಕರಿಸಿದಳು. ಆದರೆ ಆಕೆಯ ಅಸಾಮಾನ್ಯ ಆಧ್ಯಾತ್ಮಿಕ ಅನುಭವಗಳನ್ನು ಮೇಲಿನವರು ಸಂಶಯಿಸಿದರು. 1872ರಲ್ಲಿ ಆಕೆಯನ್ನು ಪೋ ಮಠಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ಆಕೆ ವಿಧೇಯತೆಯಿಂದ ಹೊರಟಳು. ಕಾಲಿನ ಚಪ್ಪಲಿ ಬಿಡುವುದು ಸುಲಭ. ಹೆಸರು, ಮಾನ, ನಾನೇ ಸರಿ ಎಂಬ ಹಟ, ಇವನ್ನು ಬಿಡುವುದೇ ಕಷ್ಟ. ಮರಿಯಂ ಅದನ್ನೂ ಬಿಟ್ಟಳು.

1875ರಲ್ಲಿ ಬೆತ್ಲೆಹೇಮಿಗೆ ಹೋಗಿ, ಅಲ್ಲಿ ಹೊಸ ಮಠ ಕಟ್ಟಿಸುವ ಕೆಲಸ ನೋಡಿಕೊಂಡಳು. 1878ರ ಆಗಸ್ಟಿನಲ್ಲಿ ಕೂಲಿಕಾರರಿಗೆ ಕುಡಿಯುವ ನೀರು ಒಯ್ಯುವಾಗ ಬಿದ್ದು ತೋಳು ಮುರಿಯಿತು. ಗಾಯ ಕೊಳೆತು, ಅದೇ ತಿಂಗಳ 26ರಂದು, 32ನೆಯ ವಯಸ್ಸಿನಲ್ಲಿ ದೈವಾಧೀನಳಾದಳು. 2015ರ ಮೇ 17ರಂದು ಜಗದ್ಗುರು ಫ್ರಾನ್ಸಿಸರು ಆಕೆಯನ್ನು ಸಂತಪದವಿಗೇರಿಸಿದರು.

ಪ್ರಿಯರೇ, ತಪಸ್ಸುಕಾಲದಲ್ಲಿ ಚಪ್ಪಲಿ ಬಿಡುವ ಹರಕೆ ಒಳ್ಳೆಯದೇ. ಆದರೆ ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಯಿಂದ ಗುಳೆ ಹೋಗಿ ಪರಊರಿನಲ್ಲಿ ಕಲ್ಲುಮಣ್ಣು ಹೊರುವವರ ಮಕ್ಕಳು ಹರಕೆಯಿಲ್ಲದೆಯೇ ಬರಿಗಾಲಲ್ಲಿದ್ದಾರೆ. ನಿಮ್ಮ ಮನೆಯ ಮುಂದೆ ಕೆಲಸಕ್ಕೆ ಬಂದವರಿಗೆ ಒಂದು ತಂಬಿಗೆ ನೀರು ಒಯ್ದು ಕೊಡಿ. ಮರಿಯಂ ಹಿಡಿದ ದಾರಿ ಅಲ್ಲಿಂದಲೇ ಮುಂದುವರಿಯುತ್ತದೆ.